ಒರೆಸುವ ಮೊದಲು ಓದೋಣ: ಹೊಸ ಕಂಪ್ಯೂಟರಿನಲ್ಲಿ ಹಳೆಯ ಹಾರ್ಡ್ ಡಿಸ್ಕ್

(ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ರೈತರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಮಲೆನಾಡಿನಲ್ಲಿ ನೆಲೆಸಿರುವ ಕೃಷಿ ವಿಜ್ಞಾನಿಯನ್ನು, ಅದರ ಕಾಲುಭಾಗದಷ್ಟು ಮಳೆಗೆ ಮುಗಿಲು ನೋಡುವ ಈ ಭೀಮಾ ತೀರಕ್ಕೆ ನೀವು ಕರೆಸಿಕೊಂಡಿದ್ದೀರಿ. ಮಾತನಾಡಲು ಕೊಟ್ಟ ವಿಷಯ ಮಾತ್ರ ಮಳೆಯೂ ಅಲ್ಲ, ಬೀಜವೂ ಅಲ್ಲ. ಹಳೆಯ ಹಾರ್ಡ್ ಡಿಸ್ಕ್. ಊರಿನಲ್ಲಿ ಹೊಸದೊಂದು ಕಂಪ್ಯೂಟರ್ ಜೋಡಿಸಲಾಗಿದೆ, ಹಳೆಯದು ಮೂಲೆ ಸೇರಿದೆ, ಅದರೊಳಗಿನ ಡಿಸ್ಕನ್ನು ಹೊಸದಕ್ಕೆ ಹಾಕಬಹುದೇ, ಬೇಡವೇ ಎಂಬುದು ನಿಮ್ಮ ಪ್ರಶ್ನೆ. ಪ್ರಶ್ನೆ ಚಿಕ್ಕದು. ಆದರೆ ನಮ್ಮ ಹೊಲ, ಹೊಳೆ, ಊರುಗಳ ಎಷ್ಟೋ ಲೆಕ್ಕಪತ್ರಗಳು ಈಗ ಇಂಥ ಡಬ್ಬಿಗಳಲ್ಲೇ ಕುಳಿತಿರುವುದರಿಂದ ಉತ್ತರವನ್ನು ಎಚ್ಚರದಿಂದ ಹುಡುಕಬೇಕಾಗಿದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಕಬಹುದು. ಆದರೆ ಕ್ರಮ ಮುಖ್ಯ. ಮೊದಲು ಅದರಲ್ಲಿರುವುದನ್ನು ಓದಿ ನಕಲು ಮಾಡಿಕೊಳ್ಳಬೇಕು. ಆಮೇಲೆ ಅದರ ವಯಸ್ಸಿಗೆ ತಕ್ಕ ಕೆಲಸವನ್ನು ಕೊಡಬೇಕು. ಕೊನೆಗೆ, ಕೈಬಿಡುವ ದಿನ ಬಂದಾಗ ಶುಚಿ ಮಾಡಿ ಸರಿಯಾದ ಕೈಗೆ ಒಪ್ಪಿಸಬೇಕು. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಭೀಮಾ ನದಿಯ ದಡದಲ್ಲೊಂದು ಸಾಕ್ಷಿಯಿದೆ. ಅಲ್ಲಿಂದಲೇ ಆರಂಭಿಸೋಣ.

ಸನ್ನತಿಯ ಕಲ್ಲು

ಇಲ್ಲಿಂದ ಹರಿವಿನ ಕೆಳಗೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. ನಿಮ್ಮಲ್ಲಿ ಬಹಳ ಜನ ದರ್ಶನಕ್ಕೆ ಹೋಗಿಬಂದವರಿದ್ದೀರಿ. 1986ರಲ್ಲಿ ಆ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ಬಯಲಿಗೆ ಬಂದಾಗ ಅದರ ಮೇಲೆ ಅಕ್ಷರಗಳು ಕಂಡವು. ಅವು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆತ್ತಿದ ಅಶೋಕ ಚಕ್ರವರ್ತಿಯ ಶಾಸನಗಳಾಗಿದ್ದವು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹದ ಹಲಗೆಯೊಂದು ಮುಂದಿನ ಕಾಲದಲ್ಲಿ ಪೀಠವಾಗಿತ್ತು. ಮೂರ್ತಿಯನ್ನು ನಿಲ್ಲಿಸಲು ಅದರ ನಡುವೆ ಚೌಕಾಕಾರದ ರಂಧ್ರವನ್ನು ಕೊರೆದಿದ್ದರು. ಆ ರಂಧ್ರವಿದ್ದ ಜಾಗದ ಅಕ್ಷರಗಳು ಶಾಶ್ವತವಾಗಿ ಹೋದವು.

ಪೀಠ ಮಾಡಿದವರನ್ನು ನಾವು ದೂರುವಂತಿಲ್ಲ. ಒಳ್ಳೆಯ ಕಲ್ಲನ್ನು ಎಸೆಯದೆ ಬಳಸಿಕೊಂಡರು, ಅದು ವಿವೇಕವೇ. ಅಷ್ಟೇ ಅಲ್ಲ, ಪೀಠವಾಗಿದ್ದರಿಂದಲೇ ಆ ಕಲ್ಲು ನಮ್ಮ ಕಾಲದವರೆಗೆ ಉಳಿದಿರಲೂ ಸಾಕು. ಆದರೆ ಕೊರೆಯುವ ಹೊತ್ತಿಗೆ ಆ ಲಿಪಿಯನ್ನು ಓದುವವರು ಅಲ್ಲಿರಲಿಲ್ಲ. ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದಿ ತೋರಿಸಿದ್ದು 1837ರಷ್ಟು ಈಚೆಗೆ. ಮರುಬಳಕೆ ಒಳ್ಳೆಯದೇ, ಓದದೆ ಮಾಡಿದ ಮರುಬಳಕೆಯಲ್ಲಿ ನಷ್ಟವೂ ಸೇರಿರುತ್ತದೆ. ಹಳೆಯ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕಿ, ಪರದೆಯ ಮೇಲೆ ಮೂಡಿದ 'ಫಾರ್ಮ್ಯಾಟ್' ಎಂಬ ಗುಂಡಿಯನ್ನು ಒತ್ತುವ ಕೈಯೂ ಅಂಥದೇ ಒಂದು ಉಳಿಯನ್ನು ಹಿಡಿದಿರುತ್ತದೆ. ವ್ಯತ್ಯಾಸವೆಂದರೆ, ಈ ಲಿಪಿಯನ್ನು ಓದಬಲ್ಲವರು ಇನ್ನೂ ಇದ್ದಾರೆ: ನಾವೇ.

ಡಬ್ಬಿಯೊಳಗೆ ಏನಿದೆ

ಹಾರ್ಡ್ ಡಿಸ್ಕ್ ಎಂದರೆ ಗಟ್ಟಿಯಾದ ತಟ್ಟೆ. ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಗಳ ಮೇಲೆ ಕಾಂತೀಯ ಪದಾರ್ಥದ ತೆಳು ಲೇಪವಿರುತ್ತದೆ. ಆ ಲೇಪದ ಅತಿಸೂಕ್ಷ್ಮ ಭಾಗಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದೇ ಬರಹ. ಮೇಜಿನ ಕಂಪ್ಯೂಟರಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ತಟ್ಟೆಯ ಅಂಚು ಗಂಟೆಗೆ ಸುಮಾರು 125 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ತಲೆಗೂದಲ ದಪ್ಪ ಹಲವು ಹತ್ತು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ಕಿರಿದೆಂದು ತಿಳಿದೀತು. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಬಾರದು, ತಟ್ಟಬಾರದು ಎನ್ನುವುದು ಇದಕ್ಕಾಗಿಯೇ.

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ವ್ಯವಸ್ಥೆಯಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದು ಒಂದು ಟನ್ನಿನಷ್ಟು ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು 'ಕೆಲಸಕ್ಕೆ ಬಾರದು' ಎಂದು ನಾವು ಮೂಲೆಗೆ ಇಡುವ 160 ಜಿಬಿಯ ಡಿಸ್ಕಿನಲ್ಲಿ ಅದರ 32,000 ಪಟ್ಟು ಜಾಗವಿದೆ. ಹಳತಾಯಿತು ಎನ್ನುವುದು ಬೇರೆ, ಚಿಕ್ಕದಾಯಿತು ಎನ್ನುವುದು ಬೇರೆ, ಕೆಟ್ಟಿತು ಎನ್ನುವುದು ಬೇರೆ. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತ್ಯಾಜ್ಯ ಹುಟ್ಟುತ್ತದೆ.

ಇದು ಎಲ್ಲೋ ತಯಾರಾಗಿ ಬರುವ ವಸ್ತು. ಅದರ ಬೆಲೆಯೂ ಎಲ್ಲೋ ಹರಿಯುವ ನೀರಿಗೆ ಕಟ್ಟುಬಿದ್ದಿದೆ. 2011ರಲ್ಲಿ ಥೈಲ್ಯಾಂಡಿನ ಛಾವೊ ಫ್ರಾಯಾ ನದಿಯ ಬಯಲು ನೆರೆಯಲ್ಲಿ ಮುಳುಗಿತು. ಜಗತ್ತಿನ ಹಾರ್ಡ್ ಡಿಸ್ಕುಗಳ ಬಹುದೊಡ್ಡ ಪಾಲು ತಯಾರಾಗುತ್ತಿದ್ದುದು ಆ ದೇಶದಲ್ಲಿ. ಕಾರ್ಖಾನೆಗಳೊಳಗೆ ನೀರು ನಿಂತಿತು. ಕೆಲವೇ ವಾರಗಳಲ್ಲಿ ಜಗತ್ತಿನಾದ್ಯಂತ ಡಿಸ್ಕುಗಳ ಬೆಲೆ ಮೇಲೇರಿತು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಹೀಗೆಯೇ ಏರಿತು. ಕೈಯಲ್ಲಿರುವ ಸುಸ್ಥಿತಿಯ ಡಿಸ್ಕನ್ನು ಉಳಿಸಿಕೊಳ್ಳುವುದು ಜಿಪುಣತನವಲ್ಲ, ಗೃಹಸ್ಥರ ಲೆಕ್ಕಾಚಾರ.

ಯಾವುದು ಬೆಲೆಯುಳ್ಳದ್ದು

ಡಿಸ್ಕಿನ ಬೆಲೆ ಒಂದು; ಅದರೊಳಗಿನ ಬರಹದ ಬೆಲೆ ಇನ್ನೊಂದು. ನನ್ನ ವೃತ್ತಿಯಿಂದ ಒಂದು ಉದಾಹರಣೆ ಕೊಡುತ್ತೇನೆ.

ನಿಮ್ಮ ಜಿಲ್ಲೆ ತೊಗರಿಯ ಕಣಜ. 2019ರಲ್ಲಿ ಈ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು. ಆದರೆ 2022-23ರ ಹಂಗಾಮಿನಲ್ಲಿ ನೆಟೆರೋಗ ಈ ಬೆಳೆಯನ್ನು ಹೇಗೆ ಒಣಗಿಸಿತು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲಿರುವ ಬೇರು, ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹೊಲದ ಒಂದು ತುಂಡಿನಲ್ಲಿ ರೋಗ ಯಾವ ವರ್ಷ ಕಾಣಿಸಿತು, ಅದಕ್ಕೆ ಮುಂಚೆ ಎಷ್ಟು ವರ್ಷ ತೊಗರಿಯ ಮೇಲೆ ತೊಗರಿ ಬಿತ್ತಿದ್ದರು, ಜೋಳದೊಂದಿಗೆ ಬೆಳೆದ ವರ್ಷ ರೋಗ ಎಷ್ಟು ಕಡಿಮೆಯಿತ್ತು, ಮಾರುತಿಯಂಥ ನಿರೋಧಕ ತಳಿ ಯಾವ ಹೊಲದಲ್ಲಿ ತಡೆದುಕೊಂಡಿತು, ಯಾವುದರಲ್ಲಿ ಸೋತಿತು — ಇವು ಗೊತ್ತಿದ್ದರೆ ಮುಂದಿನ ಬಿತ್ತನೆಯ ನಿರ್ಧಾರಕ್ಕೆ ಬಲ ಬರುತ್ತದೆ. ತಳಿಯ ಗುಣವನ್ನು ಸಂಶೋಧನಾ ಕೇಂದ್ರ ಹೇಳಬಲ್ಲದು. ನಿಮ್ಮ ಹೊಲದ ಚರಿತ್ರೆಯನ್ನು ನಿಮ್ಮ ಲೆಕ್ಕ ಮಾತ್ರ ಹೇಳಬಲ್ಲದು. ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಶ್ರದ್ಧೆಯಿಂದ ಅಂಥ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರೆ, ಅದು ಇಂದು ಇರುವುದು ಅಟ್ಟದ ಮೇಲಿನ ಹಳೆಯ ಡಿಸ್ಕಿನಲ್ಲಿ.

ನದಿಯ ಮಾತೂ ಹಾಗೆಯೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಸೊನ್ನದ ಬ್ಯಾರೇಜಿನಿಂದ ಹೊರಬಿದ್ದ ನೀರಿನ ಲೆಕ್ಕ ಇಲಾಖೆಯ ಬಳಿ ಇರುತ್ತದೆ. ಆದರೆ ನೀರು ಯಾರ ಮನೆಯ ಎಷ್ಟನೇ ಮೆಟ್ಟಿಲಿಗೆ ಬಂತು, ಯಾವ ಹೊಲದಲ್ಲಿ ಎಷ್ಟು ದಿನ ನಿಂತಿತು ಎಂಬುದು ನೀವು ತೆಗೆದ ಚಿತ್ರಗಳಲ್ಲಿದೆ, ನಿಮ್ಮ ಟಿಪ್ಪಣಿಗಳಲ್ಲಿದೆ. ಮುಂದಿನ ಬಾರಿ ಎಲ್ಲಿ ಮನೆ ಕಟ್ಟಬೇಕು, ದನಗಳನ್ನು ಎತ್ತ ಸಾಗಿಸಬೇಕು ಎಂಬುದಕ್ಕೆ ಆಧಾರ ಅದೇ.

ಈ ಸಂಪತ್ತು ಎಷ್ಟು ಜಾಗ ಹಿಡಿಯುತ್ತದೆ? ದಿನಕ್ಕೊಂದು ಅಂಕಿಯಂತೆ ಇಪ್ಪತ್ತು ವರ್ಷ ಮಳೆ ಬರೆದರೆ 7,305 ಅಂಕಿಗಳು. ದಿನಾಂಕವೂ ಸೇರಿ ಅವು ಒಂದು ಮೊಬೈಲ್ ಚಿತ್ರದ ಹತ್ತನೇ ಒಂದು ಭಾಗದಷ್ಟೂ ಜಾಗವನ್ನು ಬೇಡುವುದಿಲ್ಲ. ನಾನು ನನ್ನ 160 ಜಿಬಿಯ ಹಳೆಯ ಡಿಸ್ಕನ್ನು ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ಹಾಕಿದಾಗ ಅದರಲ್ಲಿ ಇದ್ದ ಕಡತಗಳಲ್ಲಿ ಹೆಚ್ಚಿನವು ಬೇಡದ ಚಿತ್ರಗಳು, ಎರಡೆರಡು ಬಾರಿ ಉಳಿಸಿದ ಪತ್ರಗಳು. ಆದರೆ ಮನೆಯಂಗಳದ ಮಳೆಮಾಪಕದ ಒಂಬತ್ತು ವರ್ಷದ ಲೆಕ್ಕ, ಜೊತೆಗೆ ಸೊರಗುರೋಗಕ್ಕೆ ಸತ್ತ ಕಾಳುಮೆಣಸಿನ ಬಳ್ಳಿಗಳ ಎಣಿಕೆ, ಒಂದೇ ಪುಟ್ಟ ಕಡತದಲ್ಲಿ ಇದ್ದವು. ಇಡೀ ಡಿಸ್ಕಿನ ಬೆಲೆ ಆ ಒಂದು ಕಡತದಲ್ಲಿತ್ತು.

ಜೋಡಿಸುವ ಕ್ರಮ

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲು ಡಿಸ್ಕಿನ ಹಿಂಬದಿಯನ್ನು ನೋಡಿ. ಎರಡು ಸಾಲಿನಲ್ಲಿ ಒಟ್ಟು ನಲವತ್ತರಷ್ಟು ಸೂಜಿಗಳಿದ್ದು, ಅಗಲವಾದ ಪಟ್ಟಿಯಂಥ ಕೇಬಲ್ ಕೂರುವಂತಿದ್ದರೆ ಅದು ಐಡಿಇ ಮಾದರಿ. ಎರಡು ಚಪ್ಪಟೆ ಬಾಯಿಗಳಿದ್ದು, ಒಂದು ಕಿರಿದು ಒಂದು ಅಗಲವಾಗಿದ್ದರೆ ಅದು ಸಾಟಾ ಮಾದರಿ. ಸಾಟಾ 2003ರಿಂದ ಮಾರುಕಟ್ಟೆಗೆ ಬಂದದ್ದು. ಇಂದಿನ ಮೇಜಿನ ಕಂಪ್ಯೂಟರುಗಳ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವಿರುತ್ತದೆ. ಐಡಿಇಗೆ ಇರುವುದಿಲ್ಲ. ಹಾಗಾಗಿ ಐಡಿಇ ಡಿಸ್ಕನ್ನು ಹೊಸ ಕಂಪ್ಯೂಟರಿನೊಳಗೆ ಕೂರಿಸಲು ಹೆಣಗುವ ಬದಲು, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದು ಒಮ್ಮೆ ಓದಿ ನಕಲು ಮಾಡಿಕೊಂಡರೆ ಸಾಕು. ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಲದು. ಪ್ರತ್ಯೇಕ ವಿದ್ಯುತ್ ಕೊಡುವ ಅಡಾಪ್ಟರನ್ನೇ ಕೇಳಿ ತನ್ನಿ.

ಹೊಸ ಕಂಪ್ಯೂಟರಿಗೆ ವಿಂಡೋಸ್ ಅಥವಾ ಲಿನಕ್ಸ್ ಹಾಕುವ ಹೊತ್ತಿನಲ್ಲಿ ಹಳೆಯ ಡಿಸ್ಕ್ ಜೋಡಣೆಯಲ್ಲಿ ಇರಲೇಬಾರದು. ಎರಡೂ ಜೋಡಿಸಿದ್ದರೆ ಯಾವುದು ಯಾವುದೆಂದು ಗೊಂದಲವಾಗಿ, ಒರೆಸಬಾರದ್ದನ್ನು ಒರೆಸುವ ಅಪಾಯವಿದೆ. ಹೊಸ ಡಿಸ್ಕಿನಿಂದ ಕಂಪ್ಯೂಟರ್ ಸರಿಯಾಗಿ ಶುರುವಾಗುತ್ತದೆ ಎಂದು ಖಚಿತವಾದ ಮೇಲೆ ಅದನ್ನು ಆರಿಸಿ, ಪ್ಲಗ್ ತೆಗೆದು, ಕಂಪ್ಯೂಟರಿನ ಲೋಹದ ಮೈಯನ್ನು ಒಮ್ಮೆ ಮುಟ್ಟಿ ಕೈಯ ಸ್ಥಿರವಿದ್ಯುತ್ತನ್ನು ಕಳೆದು, ಆಮೇಲೆ ಹಳೆಯದನ್ನು ಜೋಡಿಸಿ. ಡಿಸ್ಕನ್ನು ತಿರುಪುಗಳಿಂದ ಬಿಗಿ ಮಾಡಿ.

ಕಂಪ್ಯೂಟರ್ ಶುರುವಾದಾಗ ಮೂರು ಬಗೆಯ ತಡೆ ಎದುರಾಗಬಹುದು. ಹಳೆಯ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎಂದು ಹೇಳಬಹುದು. ಅದು ಹಳೆಯ ಕಂಪ್ಯೂಟರಿನ ಬಳಕೆದಾರರ ಹೆಸರಿಗೆ ಕಟ್ಟಿದ ಬೀಗ, ನಿರ್ವಾಹಕ ಖಾತೆಯಿಂದ ಅದನ್ನು ತೆಗೆಯಬಹುದು. ಎರಡನೆಯದು, ಈಚಿನ ವರ್ಷಗಳ ಕಂಪ್ಯೂಟರಿನ ಡಿಸ್ಕಾದರೆ ಬಿಟ್‌ಲಾಕರ್ ಗೂಢಲಿಪಿ ಹಾಕಿರಬಹುದು; ಅದಕ್ಕೆ 48 ಅಂಕಿಗಳ ಕೀಲಿ ಬೇಕು. ಹಳೆಯ ಕಂಪ್ಯೂಟರನ್ನು ಬಿಚ್ಚುವ ಮೊದಲೇ ಆ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಮೂರನೆಯ ತಡೆಯೇ ಎಲ್ಲಕ್ಕಿಂತ ಅಪಾಯಕಾರಿ: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳಬಹುದು. ಅದರ ಅರ್ಥ ಡಿಸ್ಕ್ ಖಾಲಿಯಿದೆ ಎಂದಲ್ಲ. ತನಗೆ ಓದಲು ಬರುತ್ತಿಲ್ಲ ಎಂದಷ್ಟೇ. ಅದು ಲಿನಕ್ಸ್‌ನಲ್ಲಿ ಬರೆದ ಡಿಸ್ಕಾಗಿರಬಹುದು, ಅಥವಾ ಅದರ ಒಂದು ಭಾಗ ಕೆಟ್ಟಿರಬಹುದು. ಆಗ 'ಬೇಡ' ಎಂದು ಒತ್ತಿ, ತಿಳಿದವರನ್ನು ಕೇಳಿ. ಸನ್ನತಿಯ ಕಲ್ಲಿಗೆ ಉಳಿ ತಾಗುವುದು ಇಲ್ಲಿಯೇ.

ನೆರೆಯ ನೀರು ಹೊಕ್ಕ ಡಿಸ್ಕಿನ ಬಗ್ಗೆ ನದಿ ತೀರದವರಿಗೆ ಒಂದು ಮಾತು. ಸಾಮಾನ್ಯ ಡಿಸ್ಕಿನ ಮೈಮೇಲೆ ಗಾಳಿಯಾಡಲು ಶೋಧಕವಿರುವ ಸಣ್ಣ ರಂಧ್ರವಿರುತ್ತದೆ. ಅದರ ಮೂಲಕ ನೀರು ಒಳಗೆ ಹೋಗಬಲ್ಲದು. ಅಂಥ ಡಿಸ್ಕಿಗೆ, ಮೇಲೆ ಒಣಗಿದಂತೆ ಕಂಡರೂ, ವಿದ್ಯುತ್ ಕೊಡಬೇಡಿ. ಬಿಸಿಲಿಗೆ, ಒಲೆಯ ಬದಿಗೆ ಇಡಬೇಡಿ. ಅದರಲ್ಲಿರುವುದು ನಿಜವಾಗಿಯೂ ಮುಖ್ಯವಾಗಿದ್ದರೆ, ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ಹಾಗೆಯೇ ಒಪ್ಪಿಸಿ. ಖರ್ಚು ಹೆಚ್ಚು, ಆದರೆ ಒಮ್ಮೆ ತಿರುಗಿಸಿ ತಟ್ಟೆಗೆ ಗೀರು ಬಿದ್ದ ಮೇಲೆ ಅವರ ಕೈಯಲ್ಲೂ ಏನೂ ಉಳಿಯದೆ ಹೋಗಬಹುದು.

ನಾಡಿ ಹಿಡಿದು ನೋಡುವುದು

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ 'ಸ್ಮಾರ್ಟ್' ಎಂಬ ಹೆಸರಿದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್ ಟೂಲ್ಸ್ ಎಂಬ ಉಚಿತ ತಂತ್ರಾಂಶಗಳು ಅದನ್ನು ತೋರಿಸುತ್ತವೆ. ಬಹಳ ಅಂಕಿಗಳಿಂದ ಗಾಬರಿಯಾಗಬೇಕಾಗಿಲ್ಲ. ನಾಲ್ಕನ್ನು ನೋಡಿದರೆ ಸಾಕು. 9ನೆಯದು, ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದ್ದರೆ ಹತ್ತು ವರ್ಷಕ್ಕೆ 24,000 ಗಂಟೆ. 5ನೆಯದು, ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆ ಬರೆದ ಸಂಖ್ಯೆ. 197ನೆಯದು, ಓದಲು ತೊಡಕಾಗಿ ನಿರ್ಧಾರಕ್ಕೆ ಕಾದಿರುವ ಜಾಗಗಳ ಸಂಖ್ಯೆ. ಈ ಎರಡೂ ಸೊನ್ನೆಯಾಗಿದ್ದರೆ ಒಳ್ಳೆಯದು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ. 199ನೆಯದು ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದು. ಕೇಬಲ್ ಬದಲಾಯಿಸಿ ನೋಡಿ.

ಈ ನಾಡಿಯನ್ನು ಎಷ್ಟು ನಂಬಬಹುದು? 2007ರಲ್ಲಿ ಗೂಗಲ್ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ತಟ್ಟೆಯ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳೊಳಗೆ ಕೆಡುವ ಸಂಭವ, ದೋಷವಿಲ್ಲದ ಡಿಸ್ಕುಗಳಿಗಿಂತ 39 ಪಟ್ಟು ಹೆಚ್ಚು ಎಂದು ಕಂಡುಬಂತು. ಅದೇ ಅಧ್ಯಯನದ ಇನ್ನೊಂದು ಮಾತು ಇನ್ನೂ ಮುಖ್ಯವಾದುದು: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಲಕ್ಷಣ ಕಂಡರೆ ಡಿಸ್ಕನ್ನು ಬಿಡಿ. ಕಾಣದಿದ್ದರೂ ನಕಲಿಲ್ಲದೆ ಇರಬೇಡಿ. ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಒಂದು ಎಚ್ಚರಿಕೆ: ನಕಲು ಮಾಡುವುದು ಮೊದಲು, ದೀರ್ಘವಾದ ಪರೀಕ್ಷೆ ಆಮೇಲೆ. ಸ್ಮಾರ್ಟ್ ಅಂಕಿಗಳನ್ನು ಓದಲು ಕ್ಷಣ ಸಾಕು. ಆದರೆ ತಟ್ಟೆಯ ಉದ್ದಗಲವನ್ನು ತಪಾಸಣೆ ಮಾಡಿಸುವುದು ಗಂಟೆಗಟ್ಟಲೆಯ ಶ್ರಮ. ಕೊನೆಯುಸಿರಿನಲ್ಲಿರುವ ಡಿಸ್ಕು ಆ ಶ್ರಮದಲ್ಲೇ ನಿಂತುಹೋಗಬಹುದು. ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಕೂಡಲೇ ಆರಿಸಿ.

ಯಾವ ಕೆಲಸ ಕೊಡಬೇಕು

ಹಳೆಯ ಡಿಸ್ಕಿನಲ್ಲಿರುವ ಹಳೆಯ ವಿಂಡೋಸ್‌ನಿಂದಲೇ ಹೊಸ ಕಂಪ್ಯೂಟರನ್ನು ನಡೆಸಬಹುದೇ ಎಂದು ಹಲವರು ಕೇಳುತ್ತಾರೆ. ಅದು ಬೇಡ. ಆ ತಂತ್ರಾಂಶಕ್ಕೆ ಹೊಸ ಮದರ್‌ಬೋರ್ಡಿನ ಪರಿಚಯವಿರುವುದಿಲ್ಲ. ಹಳೆಯ ಡಿಸ್ಕುಗಳ ವಿಭಜನೆಯ ಪದ್ಧತಿ ಒಂದು, ಇಂದಿನ ಕಂಪ್ಯೂಟರುಗಳು ಶುರುವಾಗಲು ಬಯಸುವ ಪದ್ಧತಿ ಇನ್ನೊಂದು. ಪರವಾನಗಿಯೂ ಹಳೆಯ ಯಂತ್ರಕ್ಕೆ ಅಂಟಿಕೊಂಡಿರಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದಕ್ಕೂ ಹಳೆಯದನ್ನು ಅಂತರಜಾಲಕ್ಕೆ ಜೋಡಿಸುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ.

ಹೊಸ ಕಂಪ್ಯೂಟರನ್ನು ನಡೆಸುವ ಕೆಲಸ ಹೊಸ ಎಸ್‌ಎಸ್‌ಡಿಗೆ ಇರಲಿ. ಚದುರಿದ ಸಣ್ಣ ಕಡತಗಳನ್ನು ಹುಡುಕಿ ತೆರೆಯುವುದರಲ್ಲಿ ತಿರುಗುವ ಡಿಸ್ಕು ಅದರ ಸಮಕ್ಕೆ ಬಾರದು. ಹಳೆಯ ಡಿಸ್ಕಿಗೆ ಉಗ್ರಾಣದ ಕೆಲಸ ಕೊಡೋಣ: ವಾರಕ್ಕೊಮ್ಮೆ ನಕಲು ಇಡುವುದು, ಚಿತ್ರಗಳನ್ನು, ಪಾಠದ ವಿಡಿಯೊಗಳನ್ನು ಕೂಡಿಡುವುದು. ಮನೆಯ ಹಿರಿಯರಿಗೆ ನೇಗಿಲು ಹಿಡಿಯಲು ಹೇಳುವುದಿಲ್ಲ. ಆದರೆ ಬೀಜದ ಗಡಿಗೆಯ ಮೇಲೆ ಕಣ್ಣಿಡಲು ಅವರಿಗಿಂತ ಯೋಗ್ಯರಿಲ್ಲ.

ಆದರೆ ಬೀಜವೆಲ್ಲ ಒಂದೇ ಗಡಿಗೆಯಲ್ಲಿ ಇರಬಾರದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ — ಇದು ಎಲ್ಲೆಡೆ ಒಪ್ಪಿರುವ ನಿಯಮ. ಕೊನೆಯ ಮಾತು ನಿಮಗೆ ಹೆಚ್ಚು ಅನ್ವಯಿಸುತ್ತದೆ. ಹೊಳೆಯಂಚಿನ ಮನೆಯಲ್ಲಿ ಮೂರು ಪ್ರತಿಗಳಿದ್ದರೆ ನೆರೆಗೆ ಮೂರೂ ಒಂದೇ. ಒಂದು ಪ್ರತಿ ಎತ್ತರದ ಊರಿನಲ್ಲಿರುವ ನೆಂಟರ ಮನೆಯಲ್ಲಿರಲಿ. ನಕಲಾದ ಮೇಲೆ ಹತ್ತು ಕಡತಗಳನ್ನಾದರೂ ತೆರೆದು ನೋಡಿ. ತೆರೆದು ನೋಡದ ನಕಲು ಬರಿಯ ನಂಬಿಕೆ.

ಹಳತನ್ನು ಓಡಿಸುವುದರಿಂದ ವಿದ್ಯುತ್ ವ್ಯರ್ಥವಲ್ಲವೇ ಎಂದು ಕೇಳಬಹುದು. ಇಂಥ ಡಿಸ್ಕೊಂದು ಸುಮಾರು 7 ವ್ಯಾಟ್ ಬಳಸುತ್ತದೆ ಎನ್ನೋಣ. ದಿನಕ್ಕೆ 5 ಗಂಟೆಯಂತೆ ವರ್ಷಪೂರ್ತಿ ಓಡಿದರೂ 13 ಯೂನಿಟ್ಟಿನಷ್ಟು. ವಾರಕ್ಕೊಮ್ಮೆ ನಕಲಿಗೆ ಮಾತ್ರ ಜೋಡಿಸಿದರೆ ಅದೂ ಇಲ್ಲ. ಆದರೆ ಬರಿಯ 40 ಜಿಬಿ ಹಿಡಿಯುವ, ಸದ್ದು ಮಾಡುವ ಐಡಿಇ ಡಿಸ್ಕಿಗಾಗಿ ಇಡೀ ಹಳೆಯ ಕಂಪ್ಯೂಟರನ್ನು ಓಡಿಸುತ್ತಾ ಇರುವುದು ಪರಿಸರ ಪ್ರೇಮವಾಗದು. ಓದಿಕೊಂಡು ಅದಕ್ಕೆ ವಿಶ್ರಾಂತಿ ಕೊಡಿ. ಮರುಬಳಕೆ ಒಂದು ವ್ರತವಲ್ಲ, ವಿವೇಚನೆ.

ಕನ್ನಡದ ಕಡತಗಳು

ಕಡತ ಸಿಕ್ಕರೂ ಅಕ್ಷರ ಸಿಗದೆ ಹೋಗುವ ಒಂದು ತೊಡಕು ನಮ್ಮ ಭಾಷೆಗೆ ಇದೆ. 2000ದ ದಶಕದಲ್ಲಿ ನಾವೆಲ್ಲ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿದೆವು. ಆ ಕಾಲದ ಕಡತಗಳಲ್ಲಿ ಬಹುಪಾಲಿನವು ಇಂದಿನ ಯೂನಿಕೋಡಿನಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ವ್ಯವಸ್ಥೆ ಅದು. ಹೊದಿಕೆಯಾದ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದೇ ಕಡತ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅದನ್ನು ನೋಡಿ 'ಕಡತ ಕೆಟ್ಟಿದೆ' ಎಂದು ಅಳಿಸುವವರಿದ್ದಾರೆ. ಕಡತ ಕೆಟ್ಟಿಲ್ಲ; ಲಿಪಿಯ ಕೀಲಿ ಕಳೆದಿದೆ. ಪ್ರಿನ್ಸೆಪ್ಪರಿಗೆ ಕಾದ ಬ್ರಾಹ್ಮಿಯ ಸ್ಥಿತಿಯೇ ಇದು.

ಆ ಕೀಲಿ ಹೆಚ್ಚಾಗಿ ಅದೇ ಡಿಸ್ಕಿನಲ್ಲಿರುತ್ತದೆ. ಆದುದರಿಂದ ನಿಮ್ಮ ಕಡತಗಳನ್ನಷ್ಟೇ ನಕಲಿಸಿ ನಿಲ್ಲಬೇಡಿ. ಹಳೆಯ ವಿಂಡೋಸ್ ಫೋಲ್ಡರಿನೊಳಗಿನ 'ಫಾಂಟ್ಸ್' ಎಂಬ ಫೋಲ್ಡರನ್ನೂ ನಕಲಿಸಿಕೊಳ್ಳಿ. ಆಮೇಲೆ ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಬಳಸಿ ಒಂದೊಂದಾಗಿ ಬದಲಾಯಿಸಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪುಗಳು ನುಸುಳಬಹುದು, ಓದಿ ತಿದ್ದಬೇಕು. ಮೂಲ ಕಡತವನ್ನೂ ಉಳಿಸಿಕೊಳ್ಳಬೇಕು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ಕಳವಳಪಟ್ಟದ್ದೇಕೆ ಎಂಬುದು, ಹಳೆಯ ಡಿಸ್ಕೊಂದನ್ನು ತೆರೆದು ಕೂತಾಗ ಚೆನ್ನಾಗಿ ಅರ್ಥವಾಗುತ್ತದೆ.

ಕಳುಹಿಸಿಕೊಡುವ ಬಗೆ

ಕಡೆಗೊಂದು ದಿನ ಡಿಸ್ಕಿನ ಆಯುಷ್ಯ ಮುಗಿಯುತ್ತದೆ, ಇಲ್ಲವೇ ಅದನ್ನು ಬೇರೊಬ್ಬರಿಗೆ ಕೊಡುವ ಸಂದರ್ಭ ಬರುತ್ತದೆ. ಅಳಿಸುವುದು, ತ್ವರಿತವಾಗಿ ಫಾರ್ಮ್ಯಾಟ್ ಮಾಡುವುದು ಇವು ಒರೆಸಿದಂತಲ್ಲ. ಪುಸ್ತಕದ ಪರಿವಿಡಿಯ ಹಾಳೆಯನ್ನು ಹರಿದಂತೆ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಬಳಸಿದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಒರೆಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಆರೋಗ್ಯದ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. ನಮ್ಮ ಡಿಸ್ಕುಗಳಲ್ಲಿ ಆಧಾರ್ ಪ್ರತಿಗಳಿವೆ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳಿವೆ, ಶಾಲೆಯ ಮಕ್ಕಳ ವಿವರಗಳಿವೆ. ನಂಬಿ ಕೊಟ್ಟ ನೆರೆಹೊರೆಯವರ ಕಾಗದಗಳೂ ಇವೆ.

ಹೀಗಾಗಿ ಡಿಸ್ಕಿನ ಆದಿಯಿಂದ ಅಂತ್ಯದವರೆಗೆ ಒಮ್ಮೆ ಮೇಲೆ ಬರೆದು ಒರೆಸುವ ತಂತ್ರಾಂಶವನ್ನು ಓಡಿಸಿ. ತಿರುಗುವ ಡಿಸ್ಕಿಗೆ ಪೂರ್ತಿಯಾದ ಒಂದು ಬಾರಿಯ ಒರೆಸುವಿಕೆ ಸಾಮಾನ್ಯವಾಗಿ ಸಾಕು. ಎಸ್‌ಎಸ್‌ಡಿಗೆ ಅದರ ತಯಾರಕರು ಕೊಟ್ಟ ವಿಧಾನ ಬೇರೆಯಿರುತ್ತದೆ. ತಿರುಗದೆ ನಿಂತ ಡಿಸ್ಕನ್ನು ಒರೆಸಲಾಗದು, ತಟ್ಟೆಗಳನ್ನೇ ಹಾಳುಗೆಡವಬೇಕು. ಗಾಜಿನ ತಟ್ಟೆಯಾದರೆ ಚೂರುಗಳು ಸಿಡಿಯುತ್ತವೆ, ಕಣ್ಣಿಗೆ ರಕ್ಷಣೆ ಇರಲಿ. ಬೆಂಕಿಗೆ ಮಾತ್ರ ಹಾಕಬೇಡಿ.

ಆಮೇಲೆ ಎಲ್ಲಿಗೆ? 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ತ್ಯಾಜ್ಯ 6 ಕೋಟಿ 20 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಲೆಕ್ಕ ಹಾಕಿದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೊಂಡದ್ದೆಂದು ದಾಖಲಾದುದು ಶೇಕಡಾ 22.3 ಮಾತ್ರ. ಡಿಸ್ಕಿನೊಳಗೆ ನಿಯೋಡಿಮಿಯಮ್ ಎಂಬ ವಿರಳ ಧಾತುವಿನ ಬಲವಾದ ಆಯಸ್ಕಾಂತವಿದೆ, ಅಲ್ಯೂಮಿನಿಯಂ ಇದೆ, ಫಲಕದಲ್ಲಿ ಚಿನ್ನದ ಲೇಪವಿದೆ. ಗುಜರಿಯಲ್ಲಿ ತೂಕಕ್ಕೆ ಹೋಗಿ, ಎಲ್ಲೋ ಓಣಿಯಲ್ಲಿ ಫಲಕಗಳನ್ನು ಸುಡುವ ಮಕ್ಕಳ ಉಸಿರಿಗೆ ಅದು ಸೇರಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿವೆ; ನೋಂದಾಯಿತ ಮರುಸಂಸ್ಕರಣಾ ಘಟಕಗಳೂ ಇವೆ. ಹಳ್ಳಿಯಿಂದ ಒಂದು ಡಿಸ್ಕನ್ನು ಅಲ್ಲಿಗೆ ಒಯ್ಯುವುದು ಯಾರಿಗೂ ಆಗದ ಕೆಲಸ. ಆದರೆ ಶಾಲೆಯಲ್ಲೊಂದು ಪೆಟ್ಟಿಗೆ ಇಟ್ಟು, ಹತ್ತು ಊರಿನದು ಕೂಡಿದ ಮೇಲೆ ಒಟ್ಟಿಗೆ ಕಳುಹಿಸುವುದು ಸಾಧ್ಯವಿರುವ ಕೆಲಸ.

ಒಂದು ಕೋರಿಕೆ

ನಾನು ನಿಮ್ಮಲ್ಲಿ ಕೇಳುವುದಿಷ್ಟೆ. ಮುಂದಿನ ಮುಂಗಾರು ಬರುವುದರೊಳಗೆ, ಈ ಊರು ಹಾಗೂ ಸುತ್ತಲ ಊರುಗಳಲ್ಲಿ ಅಟ್ಟ ಸೇರಿರುವ ಕಂಪ್ಯೂಟರುಗಳ ಒಂದು ಪಟ್ಟಿ ಮಾಡಿ: ಶಾಲೆಯದು, ಸಹಕಾರ ಸಂಘದ್ದು, ಬೀಜ ಮಾರುತ್ತಿದ್ದವರದು, ಮುಚ್ಚಿಹೋದ ಜೆರಾಕ್ಸ್ ಅಂಗಡಿಯದು. ಒಡೆಯರ ಒಪ್ಪಿಗೆಯಿಂದ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಡಿಸ್ಕನ್ನು ಓದಿ. ಮಳೆ, ಬೆಳೆ, ರೋಗ, ನೆರೆ, ಬಾವಿಯ ನೀರಿನ ಮಟ್ಟ — ಇವುಗಳಲ್ಲಿ ಏನು ಸಿಕ್ಕರೂ ಬೇರೆ ತೆಗೆದಿಡಿ. ಖಾಸಗಿಯಾದದ್ದು ಒಡೆಯರಿಗೆ ಸೇರಲಿ. ಆಮೇಲೆ ಸುಸ್ಥಿತಿಯ ಡಿಸ್ಕುಗಳು ಹೊಸ ಕಂಪ್ಯೂಟರುಗಳ ಉಗ್ರಾಣವಾಗಲಿ, ಉಳಿದವು ಪೆಟ್ಟಿಗೆ ಸೇರಲಿ. ಹಿರಿಯ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಆದರೆ ಯಾವುದು ಮುಖ್ಯ, ಯಾವುದು ಅಲ್ಲ ಎಂದು ಹೇಳಲು ಹೊಲ ಕಂಡ ಹಿರಿಯರು ಜೊತೆಗಿರಬೇಕು.

ಸಿಗುವುದು ಸ್ವಲ್ಪವೇ ಇರಬಹುದು. ಎಷ್ಟೋ ಡಿಸ್ಕುಗಳಲ್ಲಿ ಏನೂ ಸಿಗದಿರಬಹುದು. ಆದರೂ ಒಂದು ಹೊಲದ ಹನ್ನೆರಡು ವರ್ಷದ ತೊಗರಿ ಲೆಕ್ಕ, ಒಂದು ಊರಿನ ನೆರೆಯ ಗುರುತು ಸಿಕ್ಕರೆ, ಅದು ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ. ತೊಗರಿಯ ಬಗ್ಗೆ ಸಿಕ್ಕದ್ದನ್ನು ನಿಮ್ಮೊಂದಿಗೆ ಕುಳಿತು ಓದಿ ಅರ್ಥೈಸಲು ನಾನು ಮತ್ತೆ ಬರುತ್ತೇನೆ. ಆಗ ನನ್ನ ಉಪನ್ಯಾಸ ಬೇಡ; ನಿಮ್ಮ ಡಿಸ್ಕುಗಳೇ ಮಾತನಾಡಲಿ.